ದಾವಲಸಾಬನ ತಿಪ್ಪಿ

ನಮ್ಮ ರೇಣುಕಾನ ಸೀರಿ ಅಂಚುಗಳು ಸಿಕ್ಕವು. ಒಂದೂ ಬಿಡದಂಗ ಎಲ್ಲಾ ಸಿಕ್ಕವು. ಈ ಮಾತು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಕೈ ಮುಂದಕ್ಕೆ ಬರಿಯೂದಿಲ್ಲ. ಇವತ್ತು ಮಧ್ಯಾಹ್ನ ನಮ್ಮ ಪಡಸಾಲಿಯೊಳಗ ಕಂಪ್ಯೂಟರ್ ಮುಂದ ಕುಂತು ನನ್ನ ಮೊಮ್ಮಗಳು ಒಂದೊಂದರ ಹೆಸರು ಓದಿದಳು, ನಾನು ಹಿಂದ ನಿಂತು ಹೂಂ ಹೂಂ ಅಂದೆ. ಆಮ್ಯಾಲ ಓಣಿ ತುಂಬ ಸಕ್ಕರಿ ಹಂಚಿ ಬಂದೆ. ನಿಮ್ಮ ಮನ್ಯಾಗ ಯಾರು ಹಡದಾರ ಅಂತ ಕೇಳಿದರು. ಯಾರೂ ಹಡದಿಲ್ಲ, ಹೋದದ್ದು ತಿರುಗಿ ಬಂತು ಅಂದೆ.

ಅವನ್ನ ಉಳಿಸಿದವ ದಾವಲಸಾಬ. ಹೋದ ಚಳಿಗಾಲದಾಗ ಮಣ್ಣಿಗೆ ಹೋದ ಮನುಷ್ಯ ಈಗ ಹ್ಯಾಂಗ ಉಳಿಸಿದ ಅನ್ನೂದನ್ನ ಬರೀಬೇಕಂತ ಕುಂತೀನಿ. ನಾನು ಎರಡನೇ ಇಯತ್ತೆಗೆ ಸಾಲಿ ಬಿಟ್ಟಾಕಿ. ತಪ್ಪಿದಲ್ಲಿ ರೇಣುಕಾ ತಿದ್ದತಾಳ.

ದಾವಲಸಾಬ ಅಂದರೆ ಮೊದಲು ಕಣ್ಣಿಗೆ ಬರೂದು ಅವನ ಕೊರಳು. ಕರೀ ದಾರದಾಗ ಒಂದು ತಾಯತ, ಅದರ ಮಗ್ಗಲಕ್ಕ ಬೆರಳಷ್ಟು ಉದ್ದದ ಒಂದು ಪೆನ್ ಡ್ರೈವ್. ಕೇಳಿದವರಿಗೆ, “ಇದು ಮನಷ್ಯಾರ ಜಡ್ಡಿಗೆ, ಇದು ಮಷೀನಿನ ಜಡ್ಡಿಗೆ” ಅಂತ ಎರಡನ್ನೂ ಎತ್ತಿ ತೋರಸ್ತಿದ್ದ. ಊರು ನರಗುಂದ. ದಿನಾ ಮುಂಜಾನೆ ಬಸ್ ಹತ್ತಿ ರೋಣದ ಮ್ಯಾಲ ಹಾದು ಗಜೇಂದ್ರಗಡಕ್ಕೆ ಬಂದು, ನಮ್ಮ ಓಣಿಯ ತುದಿಗೆ ಅಂಗಡಿ ತೆಗೀತಿದ್ದ. ಮೊದಲು ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡತಿದ್ದ, ಕಾಲ ಬದಲಾದಂಗ ಕಂಪ್ಯೂಟರ್ ಹಿಡಿದ. ಒಬ್ಬ ಮನುಷ್ಯ ಕಾಲು ಚಾಚಿದರೆ ಮುಗೀತು, ಅಷ್ಟು ಸಣ್ಣ ಅಂಗಡಿ. ಅದನ್ನ ಬಂದ ಕೂಡಲೇ ಒಮ್ಮೆ, ಊಟಕ್ಕ ಕೂಡೂ ಮುಂದ ಒಮ್ಮೆ, ಬಾಗಲಾ ಹಾಕೂ ಮುಂದ ಒಮ್ಮೆ ಕಸ ಹೊಡೀತಿದ್ದ.

“ದಾವಲಸಾಬ, ನಿನ್ನ ಹೇಣ್ತಿ ಕಸಬರಿಗಿ ಕೈಯಾಗ ಕೊಟ್ಟ ಕಳಸ್ಯಾಳೇನು?” ಅಂತ ನಾನು ಕಾಡಸ್ತಿದ್ದೆ.

“ಮನ್ಯಾಗ ಖಾತೂನಬಿ ನನಗ ಮುಟ್ಟಗೊಡೂದಿಲ್ರೀ ಅಕ್ಕಾರ. ಅದಕ್ಕ ಇಲ್ಲಿ ಬಂದು ಆಸಿ ತೀರಸ್ಕೊಂತೀನಿ.”

ಇನ್ನೊಂದು ಚಟ ಇತ್ತು. ನಮ್ಮ ಮನಿಗೆ ಬಂದರೆ ಮಗ್ಗದ ಕಂಬಕ್ಕ ಬೆನ್ನು ಹಚ್ಚಿ ಕೂಡತಿದ್ದ. ಹೋಗುವಾಗ ಎಲ್ಲಾರಿಗೂ ಸೇರಿಸಿ ಒಂದ ಸಲ ಬರ್ತೀನಿ ಅಂದಾವಲ್ಲ. “ಗಂಗವ್ವಕ್ಕಾ, ಬರ್ತೀನ್ರಿ. ಈರಪ್ಪಾ, ಬರ್ತೀನಿ. ಶಾಂತವ್ವಾ, ಬರ್ತೀನವಾ. ರೇಣುಕಾ, ಬರ್ತೀನಿ.” ಗಂಗವ್ವ ಅಂದರೆ ನಾನು, ಈರಪ್ಪ ನನ್ನ ಮಗ, ಶಾಂತವ್ವ ಸೊಸಿ, ರೇಣುಕಾ ಅವರ ಮಗಳು. ಯಾರರೆ ಹಿತ್ತಲದಾಗ ಇದ್ದರೆ ಅವರು ಬರೂತನಕಾ ಬಾಗಲದಾಗ ನಿಂತಿರತಿದ್ದ. ಬಸ್ಸು ತಪ್ಪತೈತಿ ಹೋಗೋ ಮಾರಾಯಾ ಅಂದರೂ ಕೇಳತಿರಲಿಲ್ಲ.

ರೇಣುಕಾ ಕಾಲೇಜು ಮುಗಿಸಿದ ಮ್ಯಾಲ ಅವನ ಅಂಗಡಿಯೊಳಗ ಕೆಲಸ ಕಲಿತಳು. ಕಾಕಾ ಕಾಕಾ ಅಂತ ಹಿಂದ ಬಿದ್ದು, ಅವ ಹಳೇ ಸಾಮಾನು ಕೂಡಿಸಿ ಕಟ್ಟಿಕೊಟ್ಟ ಒಂದು ಮಷೀನ್ ಮನಿಗೆ ತಂದಳು. ಮಗ್ಗದ ಮಗ್ಗಲಕ್ಕ ಅದರ ಮೇಜು. ನಮ್ಮದು ಪಟ್ಟೇದ ಅಂಚಿನ ಸೀರಿ ನೇಯೂ ಮನಿ. ಆಕಿಗೆ ಒಂದು ಹುಚ್ಚು ಹತ್ತಿತು. ಮುದುಕೇರ ಪೆಟ್ಟಿಗಿಯೊಳಗಿನ ಹಳೇ ಸೀರಿಗಳನ್ನ ಬೇಡಿ ತರೂದು, ಅಂಚಿನ ಫೋಟೋ ಹಿಡಿಯೂದು, ಎಳಿ ಎಳಿ ನೋಡಿ ಕಂಪ್ಯೂಟರಿನ ಮ್ಯಾಲ ಚೌಕ ಚೌಕ ಮಾಡಿ ಬರಿಯೂದು, ಆಮ್ಯಾಲ ಸೀರಿ ತಿರುಗಿ ಕೊಟ್ಟು ಬರೂದು. ಈಗ ಯಾರೂ ನೇಯದ ಅಂಚುಗಳು ಅವು. ಎರಡು ವರ್ಷ ಇದನ್ನ ಮಾಡಿದಳು. ಅಷ್ಟರೊಳಗ ಎಷ್ಟೋ ಮನಿಯೊಳಗ ಆ ಸೀರಿ ಹರಿದು, ತುಂಡಾಗಿ, ಕೌದಿಯೊಳಗ ಹೊಲಿದು ಹೋಗಿದ್ದವು. ನನ್ನ ಮದುವಿ ಸೀರಿನೂ ಹಂಗ, ಈಗ ಶಾಂತವ್ವನ ಕೌದಿಯ ನಡುಮಧ್ಯ ಐತಿ. ಅಂಚು ಪೂರಾ ಉಳಿದದ್ದು ಆ ಮಷೀನಿನೊಳಗ ಮಾತ್ರ.

“ಆಷಾಢದಾಗ ಮಗ್ಗ ಖಾಲಿ ಇರತಾವಲ್ಲ ಆಯಿ, ಆಗ ಒಂದೊಂದ ನೇಯೂಣು. ಯಾರ ಅಂಚೋ ಅವರ ಕೈಯಾಗ ಮೊದಲ ಕೊಡೂಣು” ಅಂತಿದ್ದಳು. ಮುಶಿಗೇರಿಯ ಒಬ್ಬ ಮುದುಕಿ ನಾ ಅಲ್ಲೀತನಕಾ ಇರತೀನೇನವಾ ಅಂತ ಕೇಳಿದ್ದಳು. ಇರಬೇಕ್ರಿ ಅಂತ ಇಕಿ ಮಾತು ಕೊಟ್ಟು ಬಂದಿದ್ದಳು.

ಈಗ ಕಸಬರಿಗಿ ಮಾತು. ಕಂಪ್ಯೂಟರ್ ಅಂದರೂ ಮನಿ ಇದ್ದಂಗ, ದಿನಾ ಕಸ ಆಕ್ಕೈತಿ ಅಂತಿದ್ದ ದಾವಲಸಾಬ. ಅರ್ಧಾ ಮಾಡಿ ಬಿಟ್ಟದ್ದು, ಒಂದನ್ನ ನಾಕು ಸಲ ಇಳಿಸಿಕೊಂಡದ್ದು, ಹಳೇ ಬಿಲ್ಲು. ಹೊಟ್ಟಿ ತುಂಬಿದರೆ ಮಷೀನ್ ಕುಂತಬಿಡತೈತಿ. ಅದಕ್ಕ ಅವ ಒಂದು ಶೆಲ್ ಸ್ಕ್ರಿಪ್ಟ್ ಬರೆದಿದ್ದ. ಏಳೆಂಟು ಸಾಲಿನ ಅಪ್ಪಣಿ ಅದು. ಒಮ್ಮೆ ಬರೆದಿಟ್ಟರೆ ಮುಗೀತು. ಮಷೀನ್ ಚಾಲೂ ಆದ ಕೂಡಲೇ ತಾನ ಓಡಿ, ಆರು ತಿಂಗಳು ಯಾರೂ ತೆಗೆದು ನೋಡದ ಫೈಲುಗಳನ್ನ ಹುಡುಕಿ ಅಳಿಸಿ ಹಾಕತಿತ್ತು. “ನಾ ಇಲ್ಲದಿದ್ರೂ ನನ್ನ ಕಸಬರಿಗಿ ನಡೀತೈತ್ರಿ” ಅಂತ ಹೆಮ್ಮಿಲೆ ಹೇಳತಿದ್ದ. ತನ್ನ ಅಂಗಡಿಗೂ ಅದ, ಗಿರಾಕಿಗಳ ಮಷೀನಿಗೂ ಅದ.

ಒಂದು ವರ್ಷ ಮಲಪ್ರಭಾ ಏರಿ ಹೊಳೆಮಣ್ಣೂರಾಗ ಮನಿಗಳು ಹೋದವು. ನೀರು ಇಳಿದ ಮ್ಯಾಲ ಆ ಊರಿನವನೊಬ್ಬ ಅಂಗಡಿಗೆ ಬಂದ. ನಾನು ರೇಣುಕಾಗ ಊಟದ ಡಬ್ಬಿ ಕೊಡಾಕ ಹೋದಾಕಿ ಅಲ್ಲೇ ಇದ್ದೆ. ಹಿಂದಕ್ಕ ಅವ ತನ್ನ ಅವ್ವನ ಫೋಟೋ ಇಲ್ಲೇ ದೊಡ್ಡದು ಮಾಡಿಸಿಕೊಂಡು ಹೋಗಿದ್ದನಂತ. ಅದು ಗ್ವಾಡಿ ಸಮೇತ ಹೊಳಿಗೆ ಹೋಗಿತ್ತು.

“ನಿಮ್ಮ ಮಷೀನದಾಗ ಇರತೈತಲ್ರಿ ಸಾಬರ, ಇನ್ನೊಂದ ತಗದ ಕೊಡ್ರಿ” ಅಂದ.

ದಾವಲಸಾಬ ಹುಡುಕಿದ. ಮತ್ತ ಹುಡುಕಿದ. ಕಸಬರಿಗಿ ಎಂದೋ ಹೊಡೆದು ಹಾಕಿತ್ತು. ಆ ಮನುಷ್ಯ ಬೈಯಲಿಲ್ಲ, ಬೈದಿದ್ದರೆ ಚಲೋ ಇತ್ತು. “ಇರ್ಲಿ ಬಿಡ್ರಿ, ಹೊಳಿನ ಬಿಟ್ಟಿಲ್ಲ, ನೀವೇನ ಮಾಡ್ತೀರಿ” ಅಂದು ಚಪ್ಪಲಿ ಮೆಟ್ಟಿಕೊಂಡು ಹೋದ. ದಾವಲಸಾಬ ಆ ಮಧ್ಯಾಹ್ನ ಕಸ ಹೊಡೀಲಿಲ್ಲ, ಉಣ್ಣಲೂ ಇಲ್ಲ.

ಮರುದಿನ ಬಂದ ಕೂಡಲೇ ತನ್ನ ಸ್ಕ್ರಿಪ್ಟಿನೊಳಗ ಒಂದು ಸಾಲು ಕೂಡಿಸಿದ. ಅಂದಿನಿಂದ ಅದು ಹೊಡೆಯೂಕಿಂತ ಮೊದಲು ಹೆಸರು ಹೇಳತಿತ್ತು. ಇಂಥಿಂಥಾ ಫೈಲು, ತಗೀಲೇನು ಅಂತ ಪರದೆ ಮ್ಯಾಲ ಕೇಳಿ ನಿಂದ್ರತಿತ್ತು. ಹೂಂ ಅಂದರೆ ಮಾತ್ರ ಕೆಲಸ. “ಹೆಸರು ಕರೀದ ಯಾರನ್ನೂ ಹೊರಗ ಹಾಕಬಾರದ್ರೀ ಅಕ್ಕಾರ” ಅಂದ.

ಎರಡನೇದು ನನ್ನ ಮೂಗುತಿ ಕಥಿ. ರೇಣುಕಾನ ಮಷೀನ್ ಕೂಡಿಸಾಕ ಅವ ನಮ್ಮ ಮನಿಗೆ ಬಂದ ದಿನ ನನ್ನ ಮೂಗುತಿ ಕಳೀತು. ಮುಂಜಾನೆ ಕಸದ ಕೂಡ ಹೋಗಿರಬೇಕು. ನಮ್ಮ ಹಿತ್ತಲದಾಗ ಎಮ್ಮಿ ಕಟ್ಟತೀವಿ, ಸಗಣಿ, ಬೂದಿ, ಕಸ ಎಲ್ಲಾ ಅಲ್ಲೇ ತಿಪ್ಪಿಗೆ. ಮನಿ ಮಂದಿಯೆಲ್ಲಾ ಸಾಣಿಗಿ ಹಿಡಿದು ತಿಪ್ಪಿ ಸೋಸಾಕ ಕುಂತಿವಿ. ದಾವಲಸಾಬ ಬಿಳೀ ಪೈಜಾಮ ಮೊಣಕಾಲಿಗೆ ಏರಿಸಿಕೊಂಡು ನಮ್ಮ ಮಗ್ಗಲಕ್ಕ ಬಂದು ಕುಕ್ಕರುಗಾಲಿಲೆ ಕುಂತ. ಬ್ಯಾಡಪಾ ಅಂದರೆ ಕೇಳಲಿಲ್ಲ. ಬಿಸಲು ಏರೂತನಕಾ ಸೋಸಿದ. ಕಡೀಕ ಬೂದಿಯೊಳಗ ಮಿಣಕ್ ಅಂದದ್ದು ಅವನ ಸಾಣಿಗಿಯೊಳಗನ.

ಮೂಗುತಿ ನನ್ನ ಅಂಗೈಯಾಗ ಇಟ್ಟು ತಿಪ್ಪಿ ನೋಡಿಕೊಂತ ನಿಂತ. “ಅಕ್ಕಾರ, ನೀವು ಕಸಾ ಹೊರಗ ಒಗದ ಬಿಟ್ಟಿದ್ರ ಇದು ಹೋಗತಿತ್ತು. ಒಗದ್ರೂ ಮನ್ಯಾಗ ಇಟ್ಟೀರಿ. ಇದು ಎಂದ ಖಾಲಿ ಆಕ್ಕೈತ್ರಿ?”

“ಮಳಿಗಿಂತ ಮೊದಲ ಗೊಬ್ಬರಾ ಹೊಲಕ್ಕ ಹೇರತಾರಲ್ಲೋ, ಆಗ” ಅಂದೆ.

ಕೈ ತೊಳಕೊಂಡು ಸೀದಾ ಕಂಪ್ಯೂಟರ್ ಮುಂದ ಕುಂತ. ಅಳಿಸೂ ಸಾಲು ತೆಗೆದ. ಹಳೇ ಫೈಲುಗಳನ್ನ ‘ತಿಪ್ಪಿ’ ಅನ್ನೂ ಒಂದು ಕಡೆ ಒಯ್ದು ಹಾಕು, ಜೂನ್ ಹತ್ತಿದ ಮ್ಯಾಲ ಮಷೀನ್ ಚಾಲೂ ಆದ ಕೂಡಲೇ ಅದನ್ನ ಖಾಲಿ ಮಾಡು ಅಂತ ಬರೆದ. “ಇದಕ್ಕ ಹುಣ್ಣಿಮಿ ಅಮಾಸಿ ತಿಳಿಯೂದಿಲ್ರಿ, ಅದಕ್ಕ ಜೂನ್ ಅಂದೀನಿ.” ಮತ್ತ ದೇವರ ಜಗಲಿ ಇದ್ದಂಗ ‘ಜಗಲಿ’ ಅಂತ ಇನ್ನೊಂದು ಜಾಗಾ ಮಾಡಿದ. “ರೇಣುಕಾ, ಕಳೀಬಾರದ್ದನ್ನೆಲ್ಲಾ ಇದರಾಗ ಇಡವಾ. ಜಗಲಿ ಮ್ಯಾಲ ನನ್ನ ಕಸಬರಿಗಿ ಆಡೂದಿಲ್ಲ.”

ದಾವಲಸಾಬನ್ನ ಕಡೀ ಸಲ ನೋಡಿದ್ದು ಹೋದ ಚಳಿಗಾಲದಾಗ. ಸಂಜಿಕ ಬಂದು ಚಹಾ ಕುಡಿದ. ಎಲ್ಲಾರ ಹೆಸರು ಹಿಡಿದು ಬರ್ತೀನಿ ಅಂದ. ರೇಣುಕಾ ಕಿರಾಣಿ ಅಂಗಡಿಗೆ ಹೋಗಿದ್ದಳು. ಬಸ್ಸಿನ ಹೊತ್ತಾಗಿತ್ತು, ಹೋದ. ನಾನು ಬಾಗಲಾ ಮುಂದ ಮಾಡೂದರೊಳಗ ತಿರುಗಿ ಬಂದ. ಓಣಿಯೊಳಗ ಆಕಿ ಸಿಕ್ಕಿದ್ದಳಂತ. “ಆಕಿಗೂ ಹೇಳಿದೆ, ಈಗ ಪೂರಾ ಆತು ನೋಡ್ರಿ” ಅಂತ ಹೇಳಾಕ ಬಂದಿದ್ದ. ಆ ರಾತ್ರಿ ನರಗುಂದದಾಗ ಎದಿ ನೋವು ಬಂತಂತ. ದವಾಖಾನಿ ಮುಟ್ಟಲಿಲ್ಲ.

ಮದುವಿ ಸುಗ್ಗಿ ಹತ್ತಿತು. ಮಗ್ಗ ನಿಂದ್ರಲಿಲ್ಲ, ರೇಣುಕಾಗೂ ಪುರಸೊತ್ತು ಇರಲಿಲ್ಲ. ಹಳೇ ಅಂಚುಗಳನ್ನ ಆಷಾಢಕ್ಕ ನೋಡಿದರಾತು ಅಂತ ಯಾರೂ ತೆಗೀಲಿಲ್ಲ. ಮೇ ತಿಂಗಳ ಕಡೀ ದಿನ ಸಂಜಿಕ ಆಕಿ ಯಾತಕ್ಕೋ ನೋಡಿದರೆ ಅಂಚು ಇಟ್ಟಿದ್ದ ಜಾಗಾ ಖಾಲಿ. ನಾನು ರೊಟ್ಟಿ ಬಡಿಯಾಕ ಕುಂತಿದ್ದೆ. “ಆಯಿ” ಅಂತ ಕೂಗಿದಳು. ಹೊರಗ ಗಾಳಿ ಎದ್ದಿತ್ತು. ನಾನು ಹಿಟ್ಟಿನ ಕೈಲೆ ಎದ್ದು ಬರೂದರೊಳಗ ಕರೆಂಟು ಹೋತು.

ಕತ್ತಲದಾಗ ಕುಂತು ಹೇಳಿದಳು. ಅಂಚುಗಳಿಗೆ ಮನಿಗಳ ಹೆಸರು ಬರಿಯಾಕಂತ ದೀಪಾವಳಿ ಸುಮಾರಿಗೆ ಜಗಲಿಯಿಂದ ಇಳಿಸಿದ್ದಳಂತ. ಬರೆದು ಮುಗಿಸಿದಾಕಿ ತಿರುಗಿ ಏರಿಸಿರಲಿಲ್ಲ.

“ಹಂಗಿದ್ರ ಹೆಸರು ಹೇಳಿ ಕೇಳಿರಬೇಕಲ್ಲವಾ ಅದು?” ಅಂದೆ.

“ದಿನಾ ಕೇಳತಿತ್ತು ಆಯಿ. ಮದುವಿ ಗದ್ದಲದಾಗ ಬ್ಯಾಸರ ಬಂದು, ಆ ಕೇಳೂ ಸಾಲು ನಾನ ತಗದ ಬಿಟ್ಟೀನಿ.”

“ತಿಪ್ಪ್ಯಾಗ ಇರತಾವಲ್ಲ?”

“ಇರತಾವು. ನಾಳಿಗೆ ಜೂನ್.”

ಗಾಳಿಗೆ ಕಂಬ ಬಿದ್ದಿದ್ದವು, ಮರುದಿನಾನೂ ಕರೆಂಟು ಬರಲಿಲ್ಲ. ನಮಗ ಬರೂದ ಬ್ಯಾಡಾಗಿತ್ತು. ಮಷೀನ್ ಚಾಲೂ ಆತಂದರೆ ಅದು ಯಾರನ್ನೂ ಕೇಳದ ತಿಪ್ಪಿ ಹೇರಿಬಿಡತೈತಿ. ರೇಣುಕಾ ಗ್ವಾಡಿಗೆ ಮಾರಿ ಮಾಡಿ ಕುಂತಾಕಿ ರೊಟ್ಟಿ ಮುರದು ಹಂಗ ಬಿಟ್ಟಳು. ಶಾಂತವ್ವ ಅನ್ನ ಕಲಸಿ ಬಾಯಿತನಕಾ ಒಯ್ದಳು, ಒಲ್ಲೆ ಅಂದಳು. ಈರಪ್ಪ ಮಗ್ಗ ಬಿಟ್ಟು ಎದ್ದು ತಿರುಗಾಡಿದ. “ಕರೆಂಟ್ ಬಂದ ಮ್ಯಾಲ ಒಮ್ಮೆ ಹಚ್ಚಿ ಲಗೂನ ಹಿಡದ ಬಿಟ್ರ ಹ್ಯಾಂಗ?”

“ಅಪ್ಪಾ, ಪರದೆ ಬೆಳಗೂದ್ರೊಳಗ ಅದು ಕೆಲಸ ಮುಗಿಸಿರತೈತಿ.”

ಆ ಸಂಜಿಗೆ ಆಕಿಗೆ ಪೆನ್ ಡ್ರೈವಿನ ನೆನಪು ಬಂತು. ಕೆಟ್ಟ ಮಷೀನ್ ಬಂದರೆ ದಾವಲಸಾಬ ಕೊರಳಾಗಿನ ಆ ಪೆನ್ ಡ್ರೈವ್ ಸಿಗಸಿ, ಅದರಿಂದ ಚಾಲೂ ಮಾಡತಿದ್ದ. ಹಂಗ ಮಾಡಿದರೆ ಮಷೀನಿನ ಸ್ವಂತ ಅಪ್ಪಣಿ ಒಂದೂ ಓಡೂದಿಲ್ಲ. ಮಲಗಿದವನ್ನ ಎಬ್ಬಿಸದ ಅವನ ಕಿಸೆಯೊಳಗ ಕೈ ಹಾಕಿದಂಗ ಅಂತಿದ್ದ. ಬ್ಯಾರೆ ಯಾರರೆ ಹತ್ತರ ಅಂಥಾದ್ದು ಸಿಗತಿತ್ತೇನೋ. ಆದರ ಈ ಹಳೇ ಮಷೀನ್ ಅದರ ಮಾತು ಕೇಳೂದನ್ನ ಆಕಿ ಕಣ್ಣಾರೆ ನೋಡಿದ್ದಳು. ಗೊತ್ತಿಲ್ಲದವರ ಕೈಗೆ ಕೊಟ್ಟು, ಅವರು ನೋಡೂಣು ತಡೀರಿ ಅಂತ ಗುಂಡಿ ಒತ್ತಿಬಿಟ್ಟರೆ?

ಇವತ್ತು ಮುಂಜಾನೆ ಮೊದಲನೇ ಬಸ್ಸಿಗೆ ನಾವಿಬ್ಬರೂ ನರಗುಂದಕ್ಕ ಹೊಂಟಿವಿ. ಯಾರೂ ಮಷೀನ್ ಹಚ್ಚಬಾರದಂತ ಅದರ ವಯರು ಕಿತ್ತು ನನ್ನ ಚೀಲದಾಗ ಇಟ್ಟುಕೊಂಡಿದ್ದೆ. ರೋಣ ದಾಟಿದ ಮ್ಯಾಲ ಈರಪ್ಪನ ಫೋನು ಬಂತು.

“ಕರೆಂಟ್ ಬಂತವಾ. ವಯರ ಕಾಣವಲ್ದು. ಪ್ರಿಂಟರಿಂದೂ ಇದಕ್ಕ ಕೂಡತೈತಲ್ಲ? ನನಗ ತಡಕೊಳ್ಳಾಕ ಆಗವಲ್ದು, ಹಚ್ಚಿ ನೋಡ್ಲೇನು?”

ರೇಣುಕಾ ನನ್ನ ಕೈಯಾಗಿನ ಫೋನು ಕಸಗೊಂಡು “ಅಪ್ಪಾ” ಅಂದಳು. ಅಷ್ಟಕ್ಕ ಕಟ್ಟಾತು. ತಿರುಗಿ ಹಚ್ಚಿದಳು, ನೆಟ್‌ವರ್ಕ್ ಇಲ್ಲ. ಕಿಟಕಿಯಿಂದ ಕೈ ಹೊರಗ ಚಾಚಿ ಹಚ್ಚಿದಳು, ಹತ್ತಲಿಲ್ಲ. ನರಗುಂದ ಬಂದ ಮ್ಯಾಲ ಹತ್ತಿತು, ಆದರ ಅವ ಎತ್ತಲಿಲ್ಲ. ತಿರುಗಿ ಹೋಗೂಣು ಅಂದಳು. “ಹೋಗಿ ಏನ ಮಾಡ್ತಿ? ಹಚ್ಚಿದ್ರ ಹಚ್ಚ್ಯಾನ. ಹಚ್ಚದಿದ್ರ ನಮಗ ಅದು ಬೇಕು” ಅಂದೆ. ಆಕಿ ಕೈ ಹಿಡಿದು ದಾವಲಸಾಬನ ಮನಿ ದಾರಿ ಹಿಡಿದೆ.

ಖಾತೂನಬಿ ಬಾಗಲಾ ತೆಗೆದಳು. ಒಳಗ ಗ್ವಾಡಿಯ ಮೊಳಿಗೆ ದಾವಲಸಾಬನ ಟೊಪಗಿ ಇತ್ತು, ತಾಯತ ಇತ್ತು. ಪೆನ್ ಡ್ರೈವ್ ಕಾಣಲಿಲ್ಲ. ರೇಣುಕಾನ ಮಾರಿ ನೋಡಿ ನನಗ ಹೆದರಿಕಿ ಬಂತು. ಬಂದ ಕೆಲಸ ಹೇಳಿದೆ. ಖಾತೂನಬಿ ಎಲ್ಲಾ ಕೇಳಿಸಿಕೊಂಡಳು. ಆಮ್ಯಾಲ ಸೆರಗಿನೊಳಗ ಕೈ ಹಾಕಿ ತನ್ನ ಕೊರಳಾಗಿನ ಕರೀ ದಾರ ಎಳೆದಳು.

“ತಾಯತಾ ಅವರ ಹೆಸರಿಂದ್ರಿ, ಅದನ್ನ ನಾ ಹಾಕ್ಕೊಳ್ಳಾಕ ಬರೂದಿಲ್ಲ. ಇದಕ್ಕ ಯಾರ ಹೆಸರೂ ಇಲ್ಲಲ್ಲ, ಅದಕ್ಕ ಇದನ್ನ ಹಾಕ್ಕೊಂಡೀನಿ.” ದಾರ ಬಿಚ್ಚಾಕ ಆಕಿ ತಡಾ ಮಾಡಿದಳು. “ಒಯ್ರಿ. ಕೆಲಸ ಮುಗದ ಕೂಡಲೇ ತಂದ ಕೊಡ್ತೀರಲ್ಲ ಅಕ್ಕಾರ?”

“ನಾಳಿಗೆ ನಾನ ಬರ್ತೀನಿ ತಂಗೀ” ಅಂದೆ. ಚಹಾ ಇಟ್ಟಿದ್ದಳು, ಕುಡಿಯೂ ಧ್ಯಾಸ ಇರಲಿಲ್ಲ. ಮುಂದಿನ ಬಸ್ಸಿಗೆ ಹತ್ತಿದಿವಿ. ದಾರಿಯುದ್ದಕ್ಕೂ ರೇಣುಕಾ ಅದನ್ನ ಮುಠ್ಠಿಯೊಳಗ ಹಿಡಕೊಂಡಿದ್ದಳು. ಅಪ್ಪಗ ಮತ್ತ ಫೋನ್ ಹಚ್ಚಲಿಲ್ಲ. ಯಾಕ ಅಂದೆ. “ಮಷೀನ್ ಹಚ್ಚೀನಿ ಅಂತ ಅಪ್ಪ ಅಂದ್ರ, ಬಸ್ಸಿನ್ಯಾಗ ಕುಂತು ಅದನ್ನ ಕೇಳಾಕ ಆಗೂದಿಲ್ಲ ಆಯಿ” ಅಂದಳು.

ಮನಿಗೆ ಬಂದಿವಿ. ಈರಪ್ಪ ಮಷೀನಿನ ಮುಂದ ನೆಲದ ಮ್ಯಾಲ ಕುಂತಿದ್ದ, ಪ್ರಿಂಟರಿನ ವಯರು ತೊಡಿ ಮ್ಯಾಲ. ರೇಣುಕಾ ಬಾಗಲದಾಗ ನಿಂತಳು, ಒಳಗ ಬರಲಿಲ್ಲ.

“ಹಚ್ಚಿಲ್ಲವಾ” ಅಂದ. “ನಿನ್ನ ಮಾತು ಅರ್ಧಕ್ಕ ನಿಂತಿತು. ಪೂರಾ ಕೇಳದ ಮಾಡೂದು ಬ್ಯಾಡ ಅಂತ ಕುಂತೆ. ಫೋನ್ ಚಾರ್ಜ್ ಮುಗದೈತಿ. ಅದನ್ನ ಹಚ್ಚಾಕ ಎದ್ರ ಇದನ್ನೂ ಹಚ್ಚಿಬಿಡ್ತೀನೇನೋ ಅಂತ ಎದ್ದೂ ಇಲ್ಲ.”

ನಾನು ಚೀಲದಿಂದ ವಯರು ತೆಗೆದು ಕೊಟ್ಟೆ. ರೇಣುಕಾ ಮೊದಲು ಪೆನ್ ಡ್ರೈವ್ ಸಿಗಿಸಿದಳು, ಆಮ್ಯಾಲ ವಯರು, ಆಮ್ಯಾಲ ಗುಂಡಿ. ಪರದೆ ಕರ್ರಗ ಇತ್ತು. ಬಿಳೀ ಅಕ್ಷರ ಓಡಿದವು. ಶಾಂತವ್ವ ನನ್ನ ರಟ್ಟಿ ಹಿಡಿದಿದ್ದಳು, ಆಕಿ ಉಗುರು ನಟ್ಟಿದ್ದು ನನಗ ಆಮ್ಯಾಲ ಗೊತ್ತಾತು. ನೀಲಿ ಪರದೆ ಬಂತು. ರೇಣುಕಾ ಒಂದೊಂದ ಬಾಗಲಾ ತೆಗೆದಂಗ ಒಳಗ ಹೋದಳು. ತಿಪ್ಪಿ ತೆಗೆದಳು.

ಆಕಿ ಕುಣೀಲಿಲ್ಲ, ಕೂಗಲಿಲ್ಲ. ಬೆನ್ನು ನೆಟ್ಟಗ ಮಾಡಿ ಕುಂತು ಓದಾಕ ಹತ್ತಿದಳು. “ಮುಶಿಗೇರಿ ದೊಡ್ಡವ್ವನ ಅಂಚು.” ಹೂಂ ಅಂದೆ. “ಕೆಳಗ್ಲೋಣಿ ಫಕೀರವ್ವಂದು.” ಹೂಂ. “ಮೆಣಸಗಿ ಬೀಗತೇರದು.” ಹೂಂ. ಒಂದೊಂದು ಹೆಸರಿಗೂ ಒಂದೊಂದು ಮಾರಿ ನನ್ನ ಕಣ್ಣಮುಂದ ಬಂದು ಹೋತು. “ಆಯಿ, ಇದು ನಿಂದು.” ಅದಕ್ಕ ಮಾತ್ರ ನನ್ನ ಬಾಯಿಂದ ಹೂಂ ಬರಲಿಲ್ಲ.

ಎಲ್ಲಾ ಜಗಲಿಗೆ ಏರಿಸಿದಳು. ತಾನು ತೆಗೆದು ಹಾಕಿದ್ದ ಕೇಳೂ ಸಾಲನ್ನ ತಿರುಗಿ ಬರೆದಳು. ಪೆನ್ ಡ್ರೈವಿನೊಳಗ ಕಾಕಾಂದು ಬ್ಯಾರೆ ಏನರೆ ಇರಬಹುದೇನೋ ಅಂತ ನೋಡಿದಳಂತ, ಮಷೀನ್ ಎಬ್ಬಿಸೂ ಸಾಮಾನು ಬಿಟ್ಟರೆ ಏನೂ ಇರಲಿಲ್ಲ. ಚೊಕ್ಕ ಕಸ ಹೊಡೆದಿಟ್ಟಿದ್ದ. ಅದನ್ನ ದಾರದ ಸಮೇತ ದೇವರ ಜಗಲಿ ಮ್ಯಾಲ ಇಟ್ಟೀನಿ, ಖಾತೂನಬಿಗೆ ಮುಟ್ಟೂತನಕಾ.

ಸಂಜಿಕ ಶಾಂತವ್ವ ಗೋದಿ ಬೆಲ್ಲದ ಮಾದಲಿ ಮಾಡಿದಳು, ಬದನಿಕಾಯಿ ಎಣಗಾಯಿ ಮಾಡಿದಳು. ನರಗುಂದಕ್ಕ ಒಯ್ಯಾಕ ಒಂದು ಡಬ್ಬಿ ಮಾದಲಿ ಮೊದಲ ತೆಗೆದಿಟ್ಟೆ. ಪಡಸಾಲಿಯೊಳಗ ನಾಕೂ ಮಂದಿ ಮಗ್ಗದ ಮಗ್ಗಲಕ್ಕ ಉಣ್ಣಾಕ ಕುಂತಿವಿ. ರೇಣುಕಾ ಎರಡು ರೊಟ್ಟಿ ತಿಂದು, “ಆಯಿ, ಇನ್ನೊಂದು” ಅಂತ ತಾಟು ಮುಂದ ಮಾಡಿದಳು. ನಾನು ಎರಡು ಹಾಕಿದೆ, ಆಕಿ ಬೈಲಿಲ್ಲ. ಹಾಲು ಹಾಕಿದ ಮಾದಲಿನೂ ಉಂಡಳು.

ಊಟ ಮುಗಿಸಿ ಏಳೂ ಮುಂದ ಒಬ್ಬೊಬ್ಬರನ್ನೂ ಕೇಳಿದಳು. “ಆಯಿ, ನಿಂದಾತೇನು? ಅಪ್ಪಾ, ನಿಂದು? ಅವ್ವಾ?” ಆಮ್ಯಾಲ ಆಕಿ ಕಣ್ಣು ಮಗ್ಗದ ಕಂಬದ ಕಡೆ ಹೋತು. ದಾವಲಸಾಬನ ಬೆನ್ನು ಹತ್ತಿ ಹತ್ತಿ ಅಲ್ಲಿ ಕಂಬ ಮಿಂಚತೈತಿ.

ಈರಪ್ಪ ಮಾದಲಿ ಬುಟ್ಟಿ ತನ್ನ ಕಡೆ ಎಳಕೊಂಡ. “ಅವ ಇದ್ದಿದ್ರ ಇಷ್ಟು ಉಳಸ್ತಿರಲಿಲ್ಲ ಬಿಡು” ಅಂದ.

ನಗು ಬಂತು ನಮಗ. ಎದ್ದವರೆಲ್ಲಾ ತಿರುಗಿ ಕುಂತು, ಇನ್ನೊಂದು ಸುತ್ತು ಬಡಿಸಿಕೊಂಡಿವಿ.